ಮತ ಬೇಡ, ಮಾತು ಇರಲಿ

"ಅಕ್ಕಾರ, ಹನ್ನೊಂದು ತಿಂಗಳ ಬಾಡಿಗೆಗೆ ಬಂದು ಹೋಗೋ ಹುಡುಗರಿಗೆ ಸೊಸೈಟಿ ಮೀಟಿಂಗ್‌ನಾಗ ಏನ್ ಕೆಲಸರಿ?"

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಗೆ, ಅಂದರೆ ಫ್ಲ್ಯಾಟ್ ಮಾಲೀಕರ ಸಹಕಾರಿ ಸಂಘಕ್ಕೆ, ನಾನು ಸೆಕ್ರೆಟರಿ ಆದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೇಳುವವರು ಹೆಚ್ಚಾಗಿ ನಮ್ಮ ಕಡೆಯವರೇ. ಧಾರವಾಡ, ಬೆಳಗಾವಿಯಿಂದ ಬಂದು ಇಲ್ಲಿ ಮನೆ ಮಾಡಿಕೊಂಡವರು. ಅವರ ಮಕ್ಕಳೂ ಬೇರೆ ಊರಲ್ಲಿ ಬಾಡಿಗೆ ಮನೆಯಲ್ಲೇ ಓದುತ್ತಿರುತ್ತಾರೆ, ಅದು ಬೇರೆ ಮಾತು.

ಮತದ ವಿಷಯದಲ್ಲಿ ನನಗೆ ಗೊಂದಲವಿಲ್ಲ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ ಪ್ರಕಾರ ಮತ ಸದಸ್ಯರದ್ದು. ಬಾಡಿಗೆಯವರನ್ನು ನಾಮಿನಲ್ (ಹೆಸರಿಗಷ್ಟೇ) ಸದಸ್ಯರಾಗಿ ಸೇರಿಸಿಕೊಂಡರೂ ಮತ ಸಿಗುವುದಿಲ್ಲ. ಸರಿಯೇ. ಕಟ್ಟಡ ಕೆಡವಿ ಹೊಸದು ಕಟ್ಟಬೇಕೋ ಬೇಡವೋ ಅನ್ನುವುದನ್ನು ಮುಂದಿನ ವರ್ಷ ಇಲ್ಲಿರದ ಹುಡುಗ ಯಾಕೆ ತೀರ್ಮಾನಿಸಬೇಕು?

ಆದರೆ ನೀರು? ಹೋದ ಬೇಸಿಗೆಯಲ್ಲಿ ನೀರು ಬಿಡುವ ಹೊತ್ತನ್ನು ಬೆಳಗ್ಗೆ 6ರಿಂದ 7ರವರೆಗಿನ ಒಂದೇ ಗಂಟೆಗೆ ಇಳಿಸಿದೆವು. ಮಾಲೀಕರ ವಾಟ್ಸಾಪ್ ಗ್ರೂಪಿಗೆ ಹಾಕಿ ಸುಮ್ನಾದೆವು. ಎರಡನೇ ಮಹಡಿಯ ಫ್ಲ್ಯಾಟಿನ ಮಾಲೀಕರು ಇರುವುದು ನಾಗಪುರದಲ್ಲಿ. ಆ ಫ್ಲ್ಯಾಟಿನಲ್ಲಿ ವಾಸ ಇರುವ ನಾಲ್ಕು ಹುಡುಗರಿಗೆ ವಿಷಯ ಗೊತ್ತಾಗಿದ್ದು ಮೈಗೆ ಸೋಪು ಹಚ್ಚಿಕೊಂಡ ಮೇಲೆ! ಮೆಸೇಜ್ ಕಳಿಸಿದವಳು ನಾನೇ. ನಗು ಬಂತು, ನಾಚಿಕೆಯೂ ಆಯಿತು.

ದುಡ್ಡಿನ ಲೆಕ್ಕವನ್ನೂ ನೋಡಿ. ಮನೆ ಬಾಡಿಗೆಗೆ ಕೊಟ್ಟ ಮಾಲೀಕರಿಂದ ಸೊಸೈಟಿ ನಾನ್ ಆಕ್ಯುಪೆನ್ಸಿ ಚಾರ್ಜ್ ತೆಗೆದುಕೊಳ್ಳುತ್ತದೆ. 2001ರ ಸರ್ಕಾರಿ ಆದೇಶದ ಪ್ರಕಾರ ಅದು, ಸೊಸೈಟಿಯ ನಿರ್ವಹಣೆಗೆಂದು ಕಟ್ಟುವ ಸರ್ವಿಸ್ ಚಾರ್ಜಿನ 10% ದಾಟುವಂತಿಲ್ಲ. ಮಾಲೀಕರು ಅದನ್ನು ಕೈಯಿಂದ ಹಾಕುತ್ತಾರಾ? ಬಾಡಿಗೆಯಲ್ಲೇ ಸೇರಿಸುತ್ತಾರೆ. ಅಂದರೆ ಜಾಸ್ತಿ ಕೊಡುವವರು ಈ ಹುಡುಗರೇ, ಅಲ್ವಾ?

"ಇವತ್ತು ಇರ್ತಾರೆ, ನಾಳೆ ಹೋಗ್ತಾರೆ" ಅನ್ನುತ್ತಾರೆ. ನಾಲ್ವರು ಹೋದರೆ ಬೇರೆ ನಾಲ್ವರು ಬರುತ್ತಾರೆ. ಆ ಫ್ಲ್ಯಾಟು ಖಾಲಿ ಬಿದ್ದಿದ್ದನ್ನು ನಾನು ನೋಡಿಲ್ಲ. ಗದ್ದಲದ ದೂರು ನಿಜ. ರಾತ್ರಿ ಹನ್ನೆರಡಕ್ಕೆ ಕೇಕು ಕತ್ತರಿಸುವ ಸಂಭ್ರಮ ನನ್ನ ನಿದ್ದೆಯನ್ನೂ ಕೆಡಿಸಿದೆ. ಆದರೆ ಎದುರು ಕೂರಿಸಿಕೊಂಡು ಹೇಳಿದ ಮೇಲೆ ಕೇಳಿದ್ದಾರೆ. ವಾಚ್‌ಮನ್ ಕೈಲಿ ಬೈಸಿದಾಗ ಕೇಳಿರಲಿಲ್ಲ.

ಈಗ ನೀರು, ಕಸ, ಪಾರ್ಕಿಂಗ್ ಮಾತು ಬರುವ ಮೀಟಿಂಗಿಗೆ ಬಾಡಿಗೆ ಮನೆಗೊಬ್ಬರನ್ನು ಕರೆಯುತ್ತೇವೆ. ಮೊದಲ ಸಲ ಬಂದದ್ದು ವಿಜಯಪುರದ ಒಬ್ಬ ಹುಡುಗಿ. "ಟೆರೇಸಿಗೆ ಯಾಕ್ ಬೀಗ ಹಾಕೀರಿ? ಮಳಿಗಾಲದಾಗ ಬಿಸಿಲು ಬೀಳೋದು ಅಲ್ಲೇ. ಅರಿವಿ ಎಲ್ಲಿ ಒಣಗಿಸೋಣ್ರಿ?" ಅಂದಳು. ಬೀಗ ಹಾಕಿದ್ದು ಯಾಕೆ ಅಂತ ಕಮಿಟಿಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಈಗ ಕೀಲಿಕೈ ವಾಚ್‌ಮನ್ ಹತ್ತಿರ ಇದೆ. ಹಗಲು ಯಾರು ಬೇಕಾದರೂ ಕೇಳಿ ತೆಗೆದುಕೊಳ್ಳಬಹುದು.