ಡೈಮಂಡ್ ಬೀದಿಯವರೆಗೆ

ಬಾಸ್ಟನ್ನಿಗೆ ಬಂದ ಪ್ರವಾಸಿಗರು ಕಾಪ್ಲಿ ಚೌಕದ ಟ್ರಿನಿಟಿ ಚರ್ಚನ್ನು ನೋಡಲು ಹೋಗುತ್ತಾರೆ. ನಾನು ಅದನ್ನು ದಾಟಿಕೊಂಡು ಬಾಯ್ಲ್‌ಸ್ಟನ್ ಬೀದಿಯಲ್ಲೇ ಮುಂದೆ ನಡೆದು ಹೈನ್ಸ್ ಸಭಾಂಗಣದ ಎದುರು ನಿಂತೆ. ಸಮ್ಮೇಳನಗಳೂ ವ್ಯಾಪಾರ ಮೇಳಗಳೂ ನಡೆಯುವ ದೊಡ್ಡ ಕಟ್ಟಡ. ಆ ಅಕ್ಟೋಬರ್ ಬೆಳಿಗ್ಗೆ ಕೊರಳಿಗೆ ಗುರುತುಚೀಟಿ ತೂಗುಹಾಕಿಕೊಂಡ ಜನ ಕಾಫಿ ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದರು.

ನಾನು ಇಲ್ಲಿಗೆ ಬಂದದ್ದು ಬಾರ್ಬರಾ ಹ್ಯಾರಿಸ್ ಅವರಿಗಾಗಿ. 1989ರ ಫೆಬ್ರುವರಿ 11ರಂದು ಇಲ್ಲಿ ಅವರಿಗೆ ಮ್ಯಾಸಚೂಸೆಟ್ಸ್ ಪ್ರಾಂತದ ಸಹಾಯಕ ಬಿಷಪ್ ಆಗಿ ಅಭಿಷೇಕವಾಯಿತು. ಇಂಗ್ಲೆಂಡಿನ ಚರ್ಚಿನ ಮೂಲದಿಂದ ಬೆಳೆದ, ಜಗತ್ತಿನ ಇಡೀ ಆಂಗ್ಲಿಕನ್ ಬಳಗದಲ್ಲಿ ಬಿಷಪ್ ಪದವಿಗೇರಿದ ಮೊದಲ ಹೆಣ್ಣು ಅವರು, ಕಪ್ಪು ಜನಾಂಗದವರು, ಆಗ 58 ವರ್ಷ. ಸೇರಿದ್ದವರು ಸುಮಾರು ಎಂಟು ಸಾವಿರ. ಅಷ್ಟು ಜನ ಯಾವ ಚರ್ಚಿನಲ್ಲಿ ಹಿಡಿದಾರು? ಕೊಲೆ ಬೆದರಿಕೆಗಳು ಬಂದಿದ್ದರಿಂದ ಪೊಲೀಸರು ಗುಂಡು ತಡೆಯುವ ಅಂಗಿ ಕೊಡಲು ಮುಂದಾಗಿದ್ದರು. ಬಾರ್ಬರಾ ಬೇಡವೆಂದರು. ವಿಧಿಯ ನಡುವೆ ಇಬ್ಬರು ಎದ್ದು ಆಕ್ಷೇಪಣೆ ಓದಿದರು. ಅದನ್ನು ಕೇಳಿಸಿಕೊಂಡು ವಿಧಿ ಮುಂದುವರಿಯಿತು. ವೇದಿಕೆಯ ಮೇಲೆ ಫ್ಲಾರೆನ್ಸ್ ಲೀ ಟಿಮ್-ಓಯ್ ಎಂಬ ಚೀನೀ ವೃದ್ಧೆಯೂ ಇದ್ದರು. 1944ರಲ್ಲಿ, ಯುದ್ಧದ ನಡುವೆ, ಆಂಗ್ಲಿಕನ್ ಬಳಗದ ಮೊದಲ ಪಾದ್ರಿಣಿಯಾಗಿ ದೀಕ್ಷೆ ಪಡೆದವರು. ಆ ಇಬ್ಬರು ಒಂದೇ ವೇದಿಕೆಯಲ್ಲಿ ನಿಂತದ್ದನ್ನು ನೆನೆದಾಗ ನನ್ನ ಕಣ್ಣು ಮಂಜಾಯಿತು. ಮಂಗಳೂರಿನ ಸಿ.ಎಸ್.ಐ. ಸಭೆಯಲ್ಲಿ ಬೆಳೆದವಳು ನಾನು. ಅದೇ ಬಳಗಕ್ಕೆ ಸೇರಿದ ನಮ್ಮ ದಕ್ಷಿಣ ಭಾರತ ಸಭೆಗೆ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆಗಿ ಬಂದದ್ದು 2013ರಲ್ಲಿ.

ಬ್ಯಾಕ್ ಬೇ ನಿಲ್ದಾಣದಿಂದ ಫಿಲಡೆಲ್ಫಿಯಾಕ್ಕೆ ರೈಲು ಹಿಡಿದೆ. ಐದು ಗಂಟೆಗೂ ಮಿಕ್ಕಿದ ದಾರಿ. ಕನೆಕ್ಟಿಕಟ್ಟಿನಲ್ಲಿ ಹಳಿಯ ಪಕ್ಕಕ್ಕೇ ಸಮುದ್ರ ಬರುತ್ತದೆ, ದೋಣಿಗಳೂ ಜೌಗು ಹುಲ್ಲೂ ಕಾಣಿಸುತ್ತವೆ. ಬಾರ್ಬರಾ 1930ರಲ್ಲಿ ಹುಟ್ಟಿದ್ದು, ಬೆಳೆದದ್ದು ಫಿಲಡೆಲ್ಫಿಯಾದಲ್ಲಿ. ಸನ್ ಆಯಿಲ್ ಕಂಪನಿಯ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ರಜೆಯಲ್ಲಿ ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದರು. 1965ರಲ್ಲಿ ಕಪ್ಪು ಜನರ ಮತದ ಹಕ್ಕಿಗಾಗಿ ನಡೆದ ಸೆಲ್ಮಾದ ನಡಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ಹೆಜ್ಜೆ ಹಾಕಿದ್ದರು. ಪಾದ್ರಿಯಾದದ್ದು ಐವತ್ತರ ಅಂಚಿನಲ್ಲಿ, 1980ರಲ್ಲಿ. ಜೈಲುಗಳಿಗೆ ಹೋಗಿ ಕೈದಿಗಳ ನಡುವೆ ಸೇವೆ ಮಾಡಿದರು. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯ ಪದವಿಯಿಲ್ಲ, ವಿಚ್ಛೇದಿತೆ, ಬರಹ ಬಹಳ ಖಾರ ಎಂದೆಲ್ಲ ವಿರೋಧಿಗಳು ಎತ್ತಿ ಆಡಿದರು. ಕೈದಿಯ ಪಕ್ಕದಲ್ಲಿ ಕುಳಿತು ಕಲಿತದ್ದನ್ನು ಯಾವ ಸೆಮಿನರಿ ಕಲಿಸುತ್ತದೆ ಎಂಬುದು ನನ್ನ ಪ್ರಶ್ನೆ.

ಮರುದಿನ ಬೆಳಿಗ್ಗೆ ಸಿಟಿ ಹಾಲಿನ ಅಡಿಯಿಂದ ಬ್ರಾಡ್ ಸ್ಟ್ರೀಟ್ ಮೆಟ್ರೋ ಹತ್ತಿ ಉತ್ತರಕ್ಕೆ ಹೋದೆ. ಸಸ್ಕ್ವಹಾನಾ-ಡಾಫಿನ್ ನಿಲ್ದಾಣದಲ್ಲಿ ಇಳಿದರೆ ನಡೆಯುವಷ್ಟೇ ದೂರ. ಇಟ್ಟಿಗೆಯ ಸಾಲುಮನೆಗಳು, ನಡುನಡುವೆ ಮನೆ ಬಿದ್ದುಹೋಗಿ ಹುಲ್ಲು ಬೆಳೆದ ಖಾಲಿ ಜಾಗಗಳು. ಹದಿನೆಂಟನೇ ಬೀದಿಯೂ ಡೈಮಂಡ್ ಬೀದಿಯೂ ಕೂಡುವಲ್ಲಿ, ಅಷ್ಟೆತ್ತರದ ಗಾಥಿಕ್ ಶೈಲಿಯ ಕಲ್ಲಿನ ಚರ್ಚು: ಚರ್ಚ್ ಆಫ್ ದಿ ಅಡ್ವೊಕೇಟ್. ಕೇಳಿಕೊಂಡಾಗ ಒಳಗೆ ಬಿಟ್ಟರು.

ಗೋಡೆಗಳ ಮೇಲೆ ಹದಿನಾಲ್ಕು ಭಾರಿ ಚಿತ್ರಗಳಿವೆ. ಗುಲಾಮಗಿರಿಯಿಂದ ಹಿಡಿದು ನಾಗರಿಕ ಹಕ್ಕುಗಳ ಹೋರಾಟದವರೆಗಿನ ಕಥೆಯನ್ನು ಬೈಬಲಿನ ವಚನಗಳ ಜೊತೆ ಹೆಣೆದು ಬರೆದವು. ಕೆಂಪು ಬಣ್ಣ ಕಣ್ಣಿಗೆ ರಾಚುತ್ತದೆ. 1973ರಲ್ಲಿ ಶುರುವಾದ ಈ ಕೆಲಸ ಮುಗಿದದ್ದು 1976ರಲ್ಲಿ. ನಾನು ಹುಡುಕಿ ಬಂದ ದಿನ ಆ ವರ್ಷಗಳ ನಡುವೆ ಬರುತ್ತದೆ: 1974ರ ಜುಲೈ 29.

ಅಂದು ಇಲ್ಲಿ ಹನ್ನೊಂದು ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟರು. ಆಂಗ್ಲಿಕನ್ ಬಳಗದ ಅಮೆರಿಕನ್ ಶಾಖೆಯಾದ ಎಪಿಸ್ಕೋಪಲ್ ಸಭೆ ಅದಕ್ಕೆ ಇನ್ನೂ ಒಪ್ಪಿರಲಿಲ್ಲ; ಒಪ್ಪಿದ್ದು ಎರಡು ವರ್ಷಗಳ ನಂತರ. ನಿವೃತ್ತರಾಗಿದ್ದ ಮೂವರು ಬಿಷಪ್ಪರು ಮುಂದೆ ಬಂದು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರು. ಬಾಗಿಲು ತೆರೆದುಕೊಟ್ಟವರು ಇಲ್ಲಿನ ಸಭಾಪಾಲಕ ಪಾಲ್ ವಾಷಿಂಗ್ಟನ್. ಹದಿನೈದು ವರ್ಷಗಳ ನಂತರ ಹೈನ್ಸ್‌ನಲ್ಲಿ ಉಪದೇಶ ಮಾಡಿದವರೂ ಅವರೇ. 1974ರ ಆ ದಿನ ಮೆರವಣಿಗೆಯ ಮುಂದೆ ಶಿಲುಬೆ ಹಿಡಿದು ನಡೆದದ್ದು ಇದೇ ಸಭೆಯ ಸದಸ್ಯೆ ಬಾರ್ಬರಾ. ಪಾದ್ರಿಗಿಂತ ಕೆಳಗಿನ ಮೆಟ್ಟಿಲಾದ ಡೀಕನ್ ಕೂಡ ಆಗಿರದ ಬಾರ್ಬರಾ.

ನಾನು ಹಿಂದಿನ ಬಾಗಿಲ ತನಕ ಹೋಗಿ ತಿರುಗಿ ನಿಂತೆ. ನಡುದಾರಿ ಉದ್ದವಾಗಿದೆ. ಬಣ್ಣದ ಗಾಜಿನಿಂದ ಬಿದ್ದ ನೀಲಿ ಬೆಳಕು ಪೀಠದ ಹತ್ತಿರ ನೆಲದ ಮೇಲಿತ್ತು. ಎರಡೂ ಕೈ ಎದೆಯ ಮುಂದೆ ಹಿಡಿದುಕೊಂಡು, ಶಿಲುಬೆಯ ಕೋಲು ಎಷ್ಟು ಭಾರವಿದ್ದಿರಬಹುದು ಎಂದುಕೊಳ್ಳುತ್ತ, ನಿಧಾನವಾಗಿ ಅಲ್ಲಿಯವರೆಗೆ ನಡೆದೆ.