ಪಿಡಿಸಿಡಿ4ರ ಬಾಲ ಕೊನೆಗೂ ಸಿಕ್ಕಿತು

ಸಿಕ್ಕಿತು! ನಾಯಿಯ ಪಿಡಿಸಿಡಿ4 ಜೀನಿನಲ್ಲಿ ಮಿರ್-21 (ಜೀನುಗಳನ್ನು ಅದುಮುವ ಪುಟ್ಟ ಆರ್‌ಎನ್‌ಎ, ಅಂದರೆ ಮೈಕ್ರೋಆರ್‌ಎನ್‌ಎ) ಬಂದು ಕೂರುವ ಜಾಗ ನಿನ್ನೆ ರಾತ್ರಿ ಕಣ್ಣಿಗೆ ಬಿತ್ತು. ಡೇಟಾ ಶುಚಿಮಾಡಿ ಎಣಿಸಿದ್ದು ಮಾಮೂಲಿ ಕೆಲಸ, ಬಿಟ್ಟುಬಿಡುತ್ತೇನೆ.

ಹೆಣ್ಣುನಾಯಿಗಳ ಸ್ತನಗಂಟಿನಲ್ಲಿ ಮಿರ್-21 ಏರುವುದು 2008ರಲ್ಲೇ ದಾಖಲಾಗಿದೆ. ನಾನು ಇಳಿಸಿಕೊಂಡ ಸಾರ್ವಜನಿಕ ಡೇಟಾದಲ್ಲೂ ಏರಿತ್ತು. ಗಂಟು ಬೆಳೆಯದಂತೆ ತಡೆಯುವ ಪಿಡಿಸಿಡಿ4 ಅದರ ಹೆಸರಾಂತ ಗುರಿ, ಮನುಷ್ಯರ ಕೋಶಗಳಲ್ಲಿ ಸಾಬೀತಾದದ್ದು. ನನ್ನ ಪ್ರೋಗ್ರಾಂ ಕೊಟ್ಟ ನಾಯಿಯ ಗುರಿಪಟ್ಟಿಯಲ್ಲಿ ಮಾತ್ರ ಆ ಹೆಸರೇ ಇಲ್ಲ! ವಾರಗಟ್ಟಲೆ ತಲೆ ತಿಂದದ್ದು ಇದೇ.

ಪ್ರೋಗ್ರಾಂ ಸರಿಯಿತ್ತು. ಅನೋಟೇಶನ್ ಫೈಲಿನಲ್ಲಿ (ಯಾವ ಜೀನ್ ಎಲ್ಲಿಂದ ಎಲ್ಲಿಯವರೆಗೆ ಎಂಬ ನಕ್ಷೆ) ಆ ಜೀನ್ ಸ್ಟಾಪ್ ಕೋಡಾನ್ (ಪ್ರೋಟೀನ್ ಭಾಗ ಮುಗಿಯುವ ಗುರುತು) ದಾಟಿದ ಕೂಡಲೇ ಮುಗಿದುಹೋಗಿತ್ತು. ಟಾಶಾ ಎಂಬ ಬಾಕ್ಸರ್ ನಾಯಿಯ ಜೀನೋಮ್ ಪ್ರಕಟವಾದದ್ದು 2005ರಲ್ಲಿ. ಅಂದಿನಿಂದಲೂ ಪ್ರೋಟೀನ್ ಭಾಗಕ್ಕೆ ಸಿಕ್ಕ ಆರೈಕೆ ಅದರ ಬಾಲಕ್ಕೆ, ಅಂದರೆ ಸ್ಟಾಪ್ ಕೋಡಾನ್ ಆಚೆಗಿನ 3 ಪ್ರೈಮ್ ಯುಟಿಆರ್‌ಗೆ ಸಿಕ್ಕಿಲ್ಲ. ಮೈಕ್ರೋಆರ್‌ಎನ್‌ಎ ಹೆಚ್ಚಾಗಿ ಕೂರುವುದೇ ಅಲ್ಲಿ!

ಪುಣೆಯ ಕೋಥ್ರುಡ್‌ನಲ್ಲಿ ನಾಯಿ-ಬೆಕ್ಕುಗಳ ಕ್ಲಿನಿಕ್ ನಡೆಸುವ ಧಾರವಾಡದ ಡಾಕ್ಟರ್ ಅಕ್ಕ, "ಮುಂದಿನ ಐದ್ ಸಾವಿರ ಅಕ್ಷರ ತಗೊಂಡು ಹುಡುಕಿಬಿಡೋ ತಮ್ಮಾ, ಸಿಗ್ತದ" ಎಂದರು. ಸಿಗುವುದೇನೋ ಸಿಗುತ್ತದೆ, ನಂಬುವುದು ಹೇಗೆ? ಆರ್‌ಎನ್‌ಎಯಲ್ಲಿ ಇರುವುದೇ ನಾಲ್ಕು ಅಕ್ಷರ (ಎ, ಯು, ಜಿ, ಸಿ), ಹಾಗಾಗಿ ಏಳಕ್ಷರದ ಸೀಡ್ (ಮೈಕ್ರೋಆರ್‌ಎನ್‌ಎ ತನ್ನ ಗುರಿಯನ್ನು ಹಿಡಿಯುವ ತುಣುಕು) ಸರಾಸರಿ 16,384 ಅಕ್ಷರಕ್ಕೊಮ್ಮೆ ಆಕಸ್ಮಿಕವಾಗಿಯೇ ಹೊಂದಿಕೊಳ್ಳುತ್ತದೆ. ಐದು ಸಾವಿರ ಅಂಟಿಸಿದರೆ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಜೀನ್ ಸುಳ್ಳು ಗುರಿಯಾದೀತು. ಹಾಗಾಗಿ ಆರ್‌ಎನ್‌ಎ-ಸೀಕ್ ಕವರೇಜ್ (ಕೋಶದಲ್ಲಿ ನಿಜಕ್ಕೂ ಸಿಕ್ಕ ಆರ್‌ಎನ್‌ಎ ತುಣುಕುಗಳ ಹರವು) ಎಲ್ಲಿಯವರೆಗೆ ಇದೆಯೋ ಅಲ್ಲಿಗೇ, ಅದೂ ಹತ್ತಿರದಲ್ಲಿ ಎ-ಎ-ಯು-ಎ-ಎ-ಎ ಎಂಬ ಬಾಲ ಮುಗಿಯುವ ಸಂಕೇತ ಕಂಡರೆ ಮಾತ್ರ, ಬಾಲ ನಿಲ್ಲಿಸಿದೆ. ಅದರೊಳಗೇ ಇತ್ತು ಮಿರ್-21ರ ಸೀಡ್ ಕೂರುವ ಎ-ಯು-ಎ-ಎ-ಜಿ-ಸಿ-ಯು! ಮನುಷ್ಯರದ್ದರ ಪಕ್ಕ ಇಟ್ಟು ನೋಡಿದೆ, ಏಳೂ ಅಕ್ಷರ ಹೊಂದಿದವು. ಒಬ್ಬನೇ ಕೂತು ಚಪ್ಪಾಳೆ ಹೊಡೆದೆ.

ಇದೇ ಕೆಲಸ ಎಲ್ಲ ಜೀನುಗಳಿಗೂ ಮಾಡಬೇಕು, ಆದರೆ ಡಿಸ್ಕಿನಲ್ಲಿ ಜಾಗವಿಲ್ಲ. ಹೊಸ ಡಿಸ್ಕಿಗೆ ದುಡ್ಡು ತೆಗೆದುಕೊಂಡ ಅಂಗಡಿಯವರು "ಉದ್ಯಾ ಯೇಯೀಲ್" (ನಾಳೆ ಬರುತ್ತದೆ) ಎನ್ನುತ್ತಲೇ ಇದ್ದಾರೆ. ಒಂದು ಅಲೈನ್‌ಮೆಂಟ್ ಫೈಲು (ಆರ್‌ಎನ್‌ಎ ತುಣುಕುಗಳನ್ನು ಜೀನೋಮ್‌ಗೆ ಹೊಂದಿಸಿದ್ದು) ಅಳಿಸದೆ ಇನ್ನೊಂದು ನಡೆಯುವುದಿಲ್ಲ. ಪುಣೆಯ ಈ ನಾಳೆ ಎಂದು ಬರುತ್ತದೋ!

ಅಂದಹಾಗೆ, ಮುಂದಿನದು ಮಿರ್-200 ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎ ಮತ್ತು ಜೆಬ್1 ಎಂಬ ಜೀನ್. ಮಿರ್-200 ಜೆಬ್1ನ್ನು ಅದುಮುತ್ತದೆ, ಜೆಬ್1 ತಿರುಗಿ ಮಿರ್-200 ಜೀನನ್ನೇ ಮುಚ್ಚುತ್ತದೆ. ಯಾರು ಗೆಲ್ಲುತ್ತಾರೋ ಅದರ ಮೇಲೆ ಕೋಶ ಅಂಟಿಕೊಂಡಿರುವುದೋ, ಕಳಚಿಕೊಂಡು ಹೊರಡುವುದೋ ತೀರ್ಮಾನ. ಎಂಥ ಚಂದದ ಜಗಳ! ಫೋಲ್ಡರ್ ಆಗಲೇ ತೆರೆದಿದ್ದೇನೆ.

ಪಿಡಿಸಿಡಿ4 ಇನ್ನೂ ಪೂರ್ತಿ ಬಗ್ಗಿಲ್ಲ. ಮಿರ್-21 ಏರಿದ ಕೆಲವು ಗಂಟುಗಳಲ್ಲಿ ಅದು ಇಳಿದಿದೆ, ಕೆಲವುಗಳಲ್ಲಿ ಇಲ್ಲ. ನಾಯಿಯ ಮಿಶ್ರಗಂಟಿನಲ್ಲಿ ಮೃದ್ವಸ್ಥಿ, ಮೂಳೆಯೂ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಅರೆದ ಸ್ಯಾಂಪಲ್‌ನಲ್ಲಿ ಯಾವ ಕೋಶದ್ದು ಯಾವ ದನಿ ಎಂದು ತಿಳಿಯುವುದಿಲ್ಲ. ಅವನ್ನು ಬದಿಗಿಟ್ಟು, ಸಿಂಪಲ್ ಕಾರ್ಸಿನೋಮ (ಒಂದೇ ಬಗೆಯ ಕೋಶದ ಕ್ಯಾನ್ಸರ್ ಗಂಟು) ಎಂದು ಗುರುತಿಸಿದವನ್ನಷ್ಟೇ ಮತ್ತೆ ಎಣಿಕೆಗೆ ಹಾಕಿದ್ದೇನೆ.