ಶೇಡಿ ಮಣ್ಣಿನ ಜಾಡಿನಲ್ಲಿ: ಕುಮಟಾ–ಅಂಕೋಲಾ ಕಲ್ಲು ನಕ್ಷೆ, ಈವರೆಗೆ

ನೆಲದಡಿಯ ಪದರಗಳನ್ನು ಗುರುತಿಸುವ ನನ್ನ ನಕ್ಷೆಯಲ್ಲಿ ಮೇಲಿನ ಪದರದ ಸಾಲು ಮುಗಿದಿದೆ. ಕೆಳಗಿನ ಸಾಲೂ ಹೆಚ್ಚುಕಡಿಮೆ ತುಂಬಿದೆ. ಕಾಡುತ್ತಿರುವುದು ನಡುವಿನದು, ಶೇಡಿ ಮಣ್ಣಿನದು.

ನಾನು ಹೋದ ಕಡೆಯೆಲ್ಲ ಬರೆದುಕೊಳ್ಳುವುದು ಮೂರೇ ಸಂಗತಿ. ಮೇಲೆ ಚಿರೇಕಲ್ಲು (ಕೆಂಪು ಜಂಬಿಟ್ಟಿಗೆ) ಎಷ್ಟು ದಪ್ಪ ಇದೆ, ಅದರಡಿ ಶೇಡಿ ಎಂಬ ಬಿಳಿ ಜಿಗುಟು ಮಣ್ಣು ಇದೆಯಾ, ತಳದಲ್ಲಿ ಯಾವ ಗಟ್ಟಿ ಕಲ್ಲು.

ಚಿರೇಕಲ್ಲಿಗೆ ಹುಡುಕಾಟವೇ ಬೇಡ. ಮನೆಯ ಪಾಗಾರದಿಂದ ಮಿರ್ಜಾನ್ ಕೋಟೆಯವರೆಗೆ ಎಲ್ಲ ಅದೇ. ಕಲ್ಲು ಕಡಿದ ಹಳೆ ಹೊಂಡಗಳ ಗೋಡೆಗೆ ಟೇಪು ಹಿಡಿದರೆ ದಪ್ಪ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕರಾವಳಿಯಲ್ಲಿ ಓಡಾಡಿದ್ದ. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟು 1807ರಲ್ಲಿ ಬರೆದದ್ದು ಮಾತ್ರ ಕೇರಳದ ಅಂಗಾಡಿಪುರಂ ಕಲ್ಲು ನೋಡಿ. ನಮ್ಮೂರಿಗೆ ಆ ಯೋಗ ಇರಲಿಲ್ಲ, ಬಿಡಿ.

ತಳದ ಕಲ್ಲಿಗೆ ಕಡಲಂಚಿಗೇ ಇಳಿಯಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ಜಾಸ್ತಿ, ಬಂಡೆಗಳ ಬುಡ ಕಾಣುತ್ತದೆ. ಕಾರವಾರದ ಕಡೆ ಬೂದು–ಬಿಳಿ ಪಟ್ಟಿಗಳ ನೈಸ್ ಕಲ್ಲು ಚೆನ್ನಾಗಿ ಸಿಕ್ಕಿತು. ಒಂದು ಕಡೆ ಆ ಪಟ್ಟಿಗಳನ್ನೆಲ್ಲ ಅಡ್ಡ ಸೀಳಿಕೊಂಡು ಕಪ್ಪು ಡೊಲೆರೈಟ್ ಗೋಡೆ ಹೋಗಿದೆ. ಗಟ್ಟಿಯಾಗಿದ್ದ ಕಲ್ಲು ಬಿರುಕು ಬಿಟ್ಟ ಮೇಲೆ ಕೆಳಗಿನಿಂದ ನುಗ್ಗಿ ಬಂದ ಶಿಲಾರಸ ಅದು. ಅಂಚಿನಲ್ಲಿ ಬೇಗ ತಣಿದದ್ದರಿಂದ ಕಣ ಸಣ್ಣ, ಮಧ್ಯದಲ್ಲಿ ದಪ್ಪ. ಕೈ ಲೆನ್ಸ್ ಹಿಡಿದು ಅಂಚಿನಿಂದ ಮಧ್ಯಕ್ಕೆ ಸರಿಯುತ್ತಾ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

"ಫಾಸಿಲ್ ಸಿಕ್ಕಿತಾ?" ಅಂತ ಕೇಳುವವರೇ ಎಲ್ಲ. ಈ ನೈಸ್‌ನಲ್ಲಿ ಹುಡುಕುವುದು ಸುಮ್ನೆ. ನೆಲದಾಳದ ಬಿಸಿ, ಒತ್ತಡದಲ್ಲಿ ಬೆಂದ ಕಲ್ಲು ಇದು. ಚಿಪ್ಪು ಬೇಕಾದರೆ ಅಘನಾಶಿನಿ ಅಳಿವೆಯ ಕೆಸರಿಗೆ ಹೋಗಿ. ಸುಣ್ಣಕ್ಕೆಂದು ತೆಗೆಯುತ್ತಿದ್ದ ಹಳೆಯ ಚಿಪ್ಪುಗಳು ಅಲ್ಲಿವೆ. ಆದರೆ ಭೂಮಿಯ ಲೆಕ್ಕದಲ್ಲಿ ಅವು ತೀರಾ ಈಚಿನವು.

ಇನ್ನು ಶೇಡಿ. ಕಲ್ಲಿನಿಂದ ಸಿಲಿಕಾವನ್ನು ಮಳೆ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮೇಲೆ ಉಳಿದರೆ ಚಿರೇಕಲ್ಲು. ಕೆಳಗೆ ಅರ್ಧ ಕೊಳೆತು ಬೆಳ್ಳಗೆ, ಜಿಗುಟಾಗಿ ನಿಂತದ್ದು ಶೇಡಿ. ಮನೆ ಗೋಡೆಯ ಮೇಲೆ ಚಿತ್ತಾರ ಬರೆಯುವವರಿಗೆ ಇದು ಗೊತ್ತು. ಚಿರೇಕಲ್ಲು ಸ್ಪಂಜಿನ ಹಾಗೆ ನೀರು ಇಳಿಸಿಕೊಳ್ಳುತ್ತದೆ, ಶೇಡಿ ತಡೆಯುತ್ತದೆ. ಹಾಗಾಗಿ ಎರಡೂ ಸೇರುವ ಗೆರೆಯಲ್ಲಿ ನೀರು ಹೊರಬರುತ್ತದೆ. ಬಾವಿ ತೋಡುವ ಹಿರಿಯರೊಬ್ಬರು ಇದನ್ನೇ ಹೇಳಿದರು: "ಶೇಡಿ ಹತ್ರ ಬಂತು ಅಂದ್ರೆ ನೀರು ದೂರ ಇಲ್ಲ ತಮಾ."

ಅಂದಿನಿಂದ ಹುಡುಕುವ ಕ್ರಮ ಬದಲಿಸಿದ್ದೇನೆ. ಈಗ ಕಲ್ಲಿಗಿಂತ ಮೊದಲು ಒರತೆ ನೋಡುತ್ತೇನೆ. ಗುಡ್ಡದ ಬುಡದಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಪಟ್ಟೆ ಕಂಡರೆ ಗುರುತು ಹಾಕುತ್ತೇನೆ. ಗೋಕರ್ಣದ ರಾಮತೀರ್ಥವನ್ನೂ ನೀಲಿ ಚುಕ್ಕೆಯಿಟ್ಟು ಸೇರಿಸಿದೆ. ಕಡಲ ಪಕ್ಕದಲ್ಲೇ ಗುಡ್ಡದಿಂದ ಬರುವ ಸಿಹಿನೀರು ಅದು. ಅಲ್ಲಿ ಶೇಡಿಯನ್ನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಚುಕ್ಕೆಯ ಪಕ್ಕ ಪ್ರಶ್ನೆ ಚಿಹ್ನೆಯೂ ಇದೆ.

ಹೆದ್ದಾರಿಗೆ ಕಡಿದ ಗುಡ್ಡಗಳಲ್ಲಿ ಮೂರೂ ಪದರ ಒಟ್ಟಿಗೆ ಸಿಗಬಹುದು ಅಂತ ಗೊತ್ತು. ಆದರೆ ನೀರು ಕುಡಿದ ಮಣ್ಣು ಜಾರುವುದೂ ಇಂಥ ಕಡೆಯೇ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದು ಏನಾಯಿತು ಎಂದು ಈ ಭಾಗದ ಯಾರಿಗೂ ಹೇಳಬೇಕಾಗಿಲ್ಲ. ಕಡಿದ ಗುಡ್ಡದ ಬುಡಕ್ಕೆ ಸುತ್ತಿಗೆ ಹಿಡಿದು ಹೋಗುವುದಿಲ್ಲ. ಎದುರು ಬದಿಯಿಂದ ಜೂಮ್ ಹಾಕಿ ಫೋಟೋ ತೆಗೆದು, ಮನೆಯಲ್ಲಿ ಗೆರೆ ಎಳೆಯುವುದಷ್ಟೇ. ಮಳೆಗಾಲದಲ್ಲಿ ಅದೂ ಇಲ್ಲ.

ಮುಂದಿನ ಕೆಲಸ ಬಾವಿಗಳದ್ದು. ಹೊಸ ಬಾವಿ ತೋಡುವಾಗ ಎಷ್ಟು ಅಡಿಗೆ ಕೆಂಪು ಹೋಗಿ ಬಿಳಿ ಬಂತು ಎಂದು ಕೇಳಿ ಬರೆದುಕೊಳ್ಳಬೇಕು. ಗಂಗಾವಳಿ ನದಿಯ ದಕ್ಷಿಣಕ್ಕೆ ಕೆಲವು ಸಿಕ್ಕಿವೆ, ಉತ್ತರಕ್ಕೆ ಪುಟ ಇನ್ನೂ ಖಾಲಿ. ಅಂಕೋಲೆ ಕಡೆ ಯಾರ ಮನೆಯಲ್ಲಾದರೂ ಈ ಬೇಸಿಗೆ ಬಾವಿ ತೋಡಿಸುತ್ತಿದ್ದರೆ, ಮೇಲೆ ಬಂದ ಮಣ್ಣನ್ನು ಒಂದೆರಡು ದಿನ ಹಾಗೇ ಬಿಟ್ಟಿರಿ. ಬಂದು ನೋಡಿ ಹೋಗುತ್ತೇನೆ.